ಕಂಡವರ ಹೊಲದಲ್ಲಿ ಚರಗ

ನಮ್ಮ ಅಜ್ಜಿಗೆ ಹೈದರಾಬಾದಿನ ಮೇಲೆ ಇದ್ದದ್ದು ಒಂದೇ ತಕರಾರು: ಈ ಊರಲ್ಲಿ ಎಲ್ಲ ಸಿಗುತ್ತದೆ, ಹೊಲ ಸಿಗುವುದಿಲ್ಲ. ಬೇಗಂ ಬಜಾರಿಗೆ ಹೋದರೆ ಬಿಜಾಪುರದ ಸಂತೆಗಿಂತ ಒಳ್ಳೆಯ ಎಳ್ಳು, ಬೆಲ್ಲ, ಶೇಂಗಾ ಸಿಗುತ್ತಿದ್ದವು. ಅಷ್ಟನ್ನು ಅವಳೂ ಒಪ್ಪುತ್ತಿದ್ದಳು. ಆದರೆ ಎಳ್ಳು ಅಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೋಗಿ ನಿಲ್ಲಲು ಒಂದು ತುಂಡು ಜೋಳದ ಹೊಲ ಬೇಕೆಂದರೆ ಅದನ್ನು ಯಾವ ಅಂಗಡಿಯಲ್ಲಿ ಕೇಳುವುದು?

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಜೋಳ ಎದೆಮಟ್ಟ ಬಂದಿರುತ್ತದೆ. ಪೈರು ಹೊತ್ತು ನಿಂತ ಭೂಮಿ ಬಸುರಿ ಎಂದೇ ನಂಬಿಕೆ. ಬಸುರಿಗೆ ಬಯಕೆಯ ಊಟ ಹಾಕಬೇಕಲ್ಲ, ಅದಕ್ಕೆ ಮನೆಮಂದಿಯೆಲ್ಲ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು, ಮೊಸರನ್ನ ಮಾಡಿಕೊಂಡು ಹೊಲಕ್ಕೆ ಹೋಗುತ್ತಾರೆ. ಗಿಡದ ಕೆಳಗೆ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತಾರೆ. ಆಮೇಲೆ ಒಬ್ಬರು ಎಲ್ಲ ಅಡುಗೆಯನ್ನೂ ಕಲಸಿದ ಬುಟ್ಟಿ ಹಿಡಿದು ಹೊಲದ ಸುತ್ತ ಚೆಲ್ಲುತ್ತ ಹೋಗುವುದು, ಹಿಂದಿನವರು "ಹುಲ್ಲುಲ್ಲಿಗೋ, ಚಲ್ಲಂಬರಿಗೋ" ಎಂದು ಕೂಗುತ್ತ ನಡೆಯುವುದು. ಇದೇ ಚರಗ. ಭೂಮಿ ಉಂಡ ಮೇಲೆ ಮನುಷ್ಯರ ಊಟ. ಅಲ್ಲಿಯತನಕ ಅಜ್ಜಿ ಏನನ್ನೂ ಮುಟ್ಟುತ್ತಿರಲಿಲ್ಲ, ಚಹಾ ಕೂಡ. ಚಹಾ ಕುಡಿಯದ ಅಜ್ಜಿಯ ಎದುರು ಹೆಚ್ಚು ಹೊತ್ತು ಕೂರುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅವಳದೇ ಎರೆಹೊಲ ಇತ್ತು. ಕೃಷ್ಣೆಗೆ ಅಣೆಕಟ್ಟು ಕಟ್ಟಿದಾಗ ಅದು ಹಿನ್ನೀರಿನ ಪಾಲಾಯಿತು. ಅಪ್ಪನಿಗೆ ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸ, ಕ್ವಾರ್ಟರ್ಸು ಬೇರೆ ಕೊಟ್ಟಿದ್ದರು. ಹಾಗಾಗಿ ಅಜ್ಜಿ ಎರಡು ಟ್ರಂಕು, ಒಂದು ಬೀಸುಕಲ್ಲು, ಒಂದು ದೊಡ್ಡ ಬಿದಿರಿನ ಬುಟ್ಟಿ ಹಿಡಿದು ನಮ್ಮಲ್ಲಿಗೆ ಬಂದಳು. ಹೊಲ ಹೋದದ್ದಕ್ಕೆ ಅವಳು ಅತ್ತದ್ದನ್ನು ನಾನು ನೋಡಿಲ್ಲ. ಆದರೆ ಚಳಿ ಬಿದ್ದಿತೋ ಇಲ್ಲವೋ ಆ ಬುಟ್ಟಿಯನ್ನು ಬಿಸಿಲಿಗಿಟ್ಟು, ಈ ಸಲ ಎಲ್ಲಿ ಹೋಗುವುದೆಂದು ಅಪ್ಪನನ್ನು ಕೇಳಲು ಶುರುಮಾಡುತ್ತಿದ್ದಳು.

ಮೊದಲ ಕೆಲವು ವರ್ಷ ಕಷ್ಟವಾಗಲಿಲ್ಲ. ಆಗ ಕೊಂಡಾಪುರವೇ ಹೊಲ. ಪರಿಚಯದವರೊಬ್ಬರ ಜೋಳದಲ್ಲಿ ಪಾಂಡವರನ್ನು ಕೂರಿಸಿ ಊಟ ಮುಗಿಸಿ ಬರುತ್ತಿದ್ದೆವು. ಒಂದು ವರ್ಷ ಹೋದರೆ ಅಲ್ಲಿ ತಂತಿಬೇಲಿ. ಮುಂದಿನ ವರ್ಷ ಅದರಾಚೆ ಹೋದೆವು, ಅದಾದ ಮೇಲೆ ಇನ್ನೂ ಆಚೆ. ಊರು ಬೆಳೆದಂತೆಲ್ಲ ನಮ್ಮ ಚರಗ ಹಿಂದೆ ಹಿಂದೆ ಸರಿಯುತ್ತ ಹೋಯಿತು. ಒಮ್ಮೆ ಬಂದ್ ಇದ್ದದ್ದರಿಂದ ಕ್ವಾರ್ಟರ್ಸಿನ ಹಿಂದೆ ಅವ್ವ ಹಾಕಿದ್ದ ಎರಡು ಮಡಿ ಮೆಂತ್ಯಕ್ಕೇ ಚರಗ ಚೆಲ್ಲಬೇಕಾಯಿತು. ಒಂದು ಸುತ್ತಿಗೆ ಹನ್ನೆರಡು ಹೆಜ್ಜೆ. ಅಜ್ಜಿ ಊಟವನ್ನೇನೋ ಮಾಡಿದಳು, ಆದರೆ ಸಂಕ್ರಾಂತಿಯತನಕ ಅಪ್ಪನ ಜೊತೆ ಮಾತಾಡಲಿಲ್ಲ. ಮುಂದೆ ನಾನು ಕೆಲಸಕ್ಕೆ ಸೇರಿದ ಆಫೀಸೂ ಕೊಂಡಾಪುರದಲ್ಲೇ ಇತ್ತು. ಅದರ ಕ್ಯಾಂಟೀನು ಇರುವ ಜಾಗದಲ್ಲೇ ನಮ್ಮ ಮೊದಲ ಪಾಂಡವರಿದ್ದರು ಎಂದು ಅಪ್ಪ ಆಣೆ ಮಾಡಿ ಹೇಳುತ್ತಿದ್ದ. ಅಲ್ಲಿನ ಸಾಂಬಾರು ತಿನ್ನುವಾಗಲೆಲ್ಲ ನನಗೆ ಭೂಮಿತಾಯಿಯ ಮೇಲೆ ಮರುಕ ಹುಟ್ಟುತ್ತಿತ್ತು.

ನಾನು ಹೇಳಹೊರಟ ವರ್ಷ ಅಜ್ಜಿ ಅಪ್ಪನಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದಳು.

"ತಮ್ಮಾ, ಈ ಸಲ ನನಗ ಎದಿಮಟ್ಟ ಜ್ವಾಳ ಬೇಕು. ಮೆಂತೆ ಪಲ್ಲೆ ತೋರಿಸಿದ್ರ ಉಪಾಸ ಮಲಗ್ತೀನಿ."

ಅವಳು ಹಾಗೆಂದರೆ ಹಾಗೇ. ಅಪ್ಪ ಕಾರ್ಖಾನೆಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಹೊಲವಿದೆಯಾ ಎಂದು ಕೇಳಿದ. ಕೊನೆಗೆ ಅವನದೇ ಶಿಫ್ಟಿನ ಒಬ್ಬ ತೆಲುಗು ಗೆಳೆಯ ಕನಿಕರಪಟ್ಟ. ಎರಡು ತಾಸು ದೂರದ ಹಳ್ಳಿಯಲ್ಲಿ ಅವನಿಗೂ ಅವನ ಅಣ್ಣನಿಗೂ ಸೇರಿ ಹೊಲವಿದೆಯಂತೆ, ಅಣ್ಣ ನೋಡಿಕೊಳ್ಳುತ್ತಾನಂತೆ. ತಾನು ಡ್ಯೂಟಿ ಬಿಟ್ಟು ಬರಲಾಗುವುದಿಲ್ಲ, ನೀವು ನಿಮ್ಮದೇ ಹೊಲವೆಂದು ತಿಳಿದು ಹೋಗಿಬನ್ನಿ ಎಂದ. ಹಳ್ಳಿ ಬಹಳ ಹಳೆಯದು, ಕೋಟೆ ಇದೆ, ಮೆಟ್ಟಿಲುಬಾವಿ ಇದೆ ಎಂದೂ ಸೇರಿಸಿದ. ಅಪ್ಪನಿಗೆ ಇತಿಹಾಸದ ಹುಚ್ಚು. ಹೊಲಕ್ಕಿಂತ ಕೋಟೆಯ ಸುದ್ದಿ ಕೇಳಿಯೇ ಅವನು ಅರಳಿದ. ಗೆಳೆಯ ಚೀಟಿಯ ಮೇಲೆ ದಾರಿ ಬರೆದುಕೊಟ್ಟ: ಕೋಟೆಯ ಬುರುಜು, ಅದರ ಎಡಕ್ಕೆ ಮೆಟ್ಟಿಲುಬಾವಿ, ಬಾವಿಯ ಮುಂದೆ ಬೇವಿನ ಗಿಡ, ಅದೇ ಹೊಲ.

ಆ ದಿನ ಅಪ್ಪ ಹಾಕಿಕೊಂಡಿದ್ದ ಬಟ್ಟೆಯನ್ನು ಇಲ್ಲಿ ಹೇಳಲೇಬೇಕು. ಹಬ್ಬವೆಂದು ಬಿಳಿ ಅಂಗಿ, ಬಿಳಿ ಪ್ಯಾಂಟು. ಕಣ್ಣಿನ ಆಪರೇಷನ್ ಆಗಿ ತಿಂಗಳಾಗಿರಲಿಲ್ಲವಾದ್ದರಿಂದ ಕಪ್ಪು ಕನ್ನಡಕ. ಚೀಟಿ ಹಾರಿಹೋಗದಿರಲಿ ಎಂದು ಕೈಯಲ್ಲೊಂದು ಫೈಲು. ನಾವು ಆ ಹಳ್ಳಿಗೆ ಹೋಗಿ ಹಳೆಯ ಕಾರಿನಿಂದ ಇಳಿದಾಗ ಕಟ್ಟೆಯ ಮೇಲಿದ್ದ ನಾಲ್ಕು ಜನ ಮಾತು ನಿಲ್ಲಿಸಿದರು. ಅಪ್ಪ ಅದನ್ನು ಗೌರವವೆಂದು ತಿಳಿದ.

ಹಳ್ಳಿ ನಿಜಕ್ಕೂ ಹಳೆಯದು. ಕೋಟೆಯ ಬಾಗಿಲಿಗೆ ಎಮ್ಮೆ ಕಟ್ಟಿದ್ದರು. ವೀರಗಲ್ಲೊಂದರ ಮೇಲೆ ಯಾರೋ ಸೀರೆ ಒಣಹಾಕಿದ್ದರು, ಕುದುರೆ ಏರಿದ ವೀರನ ಕತ್ತಿ ಮಾತ್ರ ಸೆರಗಿನಾಚೆ ಕಾಣುತ್ತಿತ್ತು. ಅಪ್ಪ ಪ್ರತಿಯೊಂದರ ಮುಂದೆಯೂ ನಿಂತು ನಮಗೆ ವಿವರಣೆ ಕೊಡುತ್ತ, ಯಾವ ರಾಜನೆಂದು ಗೊತ್ತಿಲ್ಲದಲ್ಲಿ ಒಂದಿಷ್ಟು ಸ್ವಂತದ್ದನ್ನೂ ಸೇರಿಸುತ್ತಿದ್ದ. ಅಜ್ಜಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳು ಬೆಳಗಿನಿಂದ ಚಹಾ ಕುಡಿದಿರಲಿಲ್ಲ.

"ಸತ್ತ ರಾಜರನ್ನ ಆಮ್ಯಾಲೆ ನೋಡೋಣು. ಹೊಲಾ ಎಲ್ಲೈತಿ?" ಎಂದಳು.

ಬುರುಜು ಸಿಕ್ಕಿತು. ಅದರ ಎಡಕ್ಕೆ ಬಾವಿಯೂ ಸಿಕ್ಕಿತು. ಬಾವಿಯ ಮುಂದೆ ಬೇವಿನ ಗಿಡ ಮಾತ್ರ ಒಂದಲ್ಲ, ಎರಡು ಇದ್ದವು. ಒಂದು ಗಿಡ ಬರಿದಾದ ಬಯಲಿನಲ್ಲಿತ್ತು. ಅಲ್ಲಿ ಪೈರಿರಲಿಲ್ಲ, ಸಾಲುಸಾಲಾಗಿ ಸುಣ್ಣ ಬಳಿದ ಕಲ್ಲುಗಳನ್ನು ನೆಟ್ಟಿದ್ದರು, ಮೂಲೆಯಲ್ಲಿ ನೀಲಿ ಬಾಗಿಲಿನ ಒಂದು ಮೋಟರ್ ಮನೆ. ಪ್ಲಾಟು ಮಾಡಲು ಗುರುತು ಹಾಕಿದ್ದು ಯಾರಿಗಾದರೂ ತಿಳಿಯುತ್ತಿತ್ತು. ಇನ್ನೊಂದು ಬೇವಿನ ಕೆಳಗೆ ಹಸಿರು ಜೋಳ, ಅಜ್ಜಿಯ ಎದೆಮಟ್ಟಕ್ಕೆ ಅಳತೆ ಹಿಡಿದಂತೆ ನಿಂತಿತ್ತು. ಗೆಳೆಯನ ಹೊಲ ಯಾವುದೆಂದು ಯೋಚಿಸುವ ಅಗತ್ಯವೇ ನಮಗೆ ಕಾಣಲಿಲ್ಲ. ಅಜ್ಜಿ ಚಪ್ಪಲಿ ಬಿಟ್ಟು ಒಳಗೆ ಹೋದಳು, ಒಂದು ತೆನೆಯನ್ನು ಹಿಡಿದು ಸವರಿದಳು. ಮೆಂತ್ಯದ ಮಡಿಯ ಸುತ್ತ ಅವಳನ್ನು ತಿರುಗಿಸಿದ್ದು ನೆನೆದು ನನಗೆ ನಾಚಿಕೆಯಾಯಿತು.

ನಾನೂ ಅವ್ವನೂ ಐದು ಕಲ್ಲು ಹುಡುಕಿ ತಂದು ಬೇವಿನ ಕೆಳಗಿಟ್ಟೆವು. ಅಜ್ಜಿ ಡಬ್ಬಿಯಲ್ಲಿ ತಂದಿದ್ದ ಸುಣ್ಣವನ್ನು ಧಾರಾಳವಾಗಿ ಬಳಿದಳು. ಅಷ್ಟರಲ್ಲಿ ಅಪ್ಪನಿಗೊಂದು ಚಿಂತೆ ಹತ್ತಿತು. ಹೊಲ ದೊಡ್ಡದು, ಅಜ್ಜಿಯ ಮೊಣಕಾಲು ಚಿಕ್ಕದಕ್ಕೇ ತಯಾರಿರಲಿಲ್ಲ. ಒಂದು ಸುತ್ತು ಎಷ್ಟು ಹೆಜ್ಜೆಯಾಗುತ್ತದೆ ಎಂದು ಮೊದಲೇ ನೋಡಿಬಿಡುತ್ತೇನೆಂದು ಹೊರಟ. ಸೊಟ್ಟ ನಡೆಯಬಾರದಲ್ಲ, ಅದಕ್ಕೆ ನನ್ನನ್ನು ಆಚೆ ಮೂಲೆಯಲ್ಲಿ ಕೈ ಮೇಲೆತ್ತಿ ನಿಲ್ಲಲು ಹೇಳಿದ. ನಾನು ನಿಂತೆ. ಬಿಳಿ ಬಟ್ಟೆ, ಕಪ್ಪು ಕನ್ನಡಕದ ಅಪ್ಪ ಕಂಕುಳಲ್ಲಿ ಫೈಲು ಇಟ್ಟುಕೊಂಡು ದೊಡ್ಡ ದನಿಯಲ್ಲಿ ಹೆಜ್ಜೆ ಎಣಿಸುತ್ತ ಬದುವಿನ ಮೇಲೆ ನೇರವಾಗಿ ನಡೆದುಬಂದ. ಒಂದು ಬದಿ ಮುಗಿಸಿ ಚೀಟಿಯ ಹಿಂದೆ ಬರೆದುಕೊಂಡ. ಇನ್ನೊಂದು ಬದಿಗೆ ತಿರುಗಿದ.

ಹೊಲದ ಯಜಮಾನ ನಮ್ಮನ್ನು ನೋಡಿದ್ದು ಆವಾಗ.

ಸೈಕಲ್ಲನ್ನು ಬದುವಿಗೆ ಒರಗಿಸಿ ಬಂದ. ಐವತ್ತು ದಾಟಿದ ಸಣಕಲು ಮನುಷ್ಯ, ಹಿಂದೆಯೇ ಕುಡುಗೋಲು ಹಿಡಿದ ಅವನ ಹೆಂಡತಿ. ಅವನು ಅಪ್ಪನನ್ನು ನೋಡಿದ, ಕೈ ಎತ್ತಿ ನಿಂತ ನನ್ನನ್ನು ನೋಡಿದ, ಕೊನೆಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ನೋಡಿದ. ಕೂಗಾಡಲಿಲ್ಲ. ಟವೆಲ್ಲನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಬಂದು ಮೊದಲನೆಯ ಕಲ್ಲಿನ ಮೇಲೆ ಕೂತುಬಿಟ್ಟ. ಇಲ್ಲಿಂದ ಏಳುವುದಿಲ್ಲ ಎಂದ. ಪಕ್ಕದ ಹೊಲದಲ್ಲೂ ಹೀಗೆಯೇ ಒಂದು ಬೆಳಿಗ್ಗೆ ಬಿಳಿ ಬಟ್ಟೆಯವರು ಬಂದು ಅಳೆದರು, ಬಿಳಿ ಕಲ್ಲು ಹುಗಿದರು, ಅದಾದ ಮೇಲೆ ಅಲ್ಲಿ ಜೋಳ ಏಳಲಿಲ್ಲ. ತನ್ನ ಕಡೆಯವರು ಯಾರಾದರೂ ನಿಮಗೆ ಸಹಿ ಹಾಕಿ ಕೊಟ್ಟಿದ್ದರೆ ಅದು ತನಗೆ ಸಂಬಂಧವಿಲ್ಲ. ಇದನ್ನೆಲ್ಲ ಅವನು ತೆಲುಗಿನಲ್ಲಿ ನಿಧಾನಕ್ಕೆ, ಅಪ್ಪನ ಕಪ್ಪು ಕನ್ನಡಕಕ್ಕೆ ಹೇಳಿದ.

ಅಪ್ಪ ತನ್ನ ಕಾರ್ಖಾನೆಯ ತೆಲುಗಿನಲ್ಲಿ, ಇದು ಗೆಳೆಯನ ಹೊಲ, ನಮಗೆ ಅನುಮತಿ ಇದೆ ಎಂದ. ಇದಕ್ಕಿಂತ ಕೆಟ್ಟ ಉತ್ತರ ಇರಲು ಸಾಧ್ಯವಿರಲಿಲ್ಲ. ಯಜಮಾನನ ಮುಖ ಬಿಳಿಚಿಕೊಂಡಿತು. ಅವನು ಕಲ್ಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. ಸುಣ್ಣ ಇನ್ನೂ ಹಸಿಯಿತ್ತು.

ಅಜ್ಜಿಗೆ ತೆಲುಗು ಬಾರದು. ಅವಳಿಗೆ ಕಂಡದ್ದು ಒಂದೇ.

"ಏ ಹುಡಿಗಿ, ಅವಗ ಹೇಳು, ಧರ್ಮರಾಯನ ಮ್ಯಾಲ ಕುಂತಾನಂತ."

ನಾನು ತೆಲುಗಿನಲ್ಲಿ ಹೇಳಿದೆ. ಅವನು ಒಮ್ಮೆ ಬೆಚ್ಚಿ ಕೆಳಗೆ ನೋಡಿಕೊಂಡ, ಆದರೆ ಏಳಲಿಲ್ಲ. ಧರ್ಮರಾಯನ ಹೆಸರಿನಲ್ಲಿಯೂ ಜನ ಜಾಗ ಹೊಡೆಯುತ್ತಾರೆ ಎಂದ. ಅಲ್ಲಿಗೆ ಎಲ್ಲ ಬಿಗಿದುಕೊಂಡಿತು. ನಾವು ಹೋಗುವತನಕ ಅವನು ಏಳುವುದಿಲ್ಲ. ಅವನು ಏಳುವತನಕ ಪಾಂಡವರಿಗೆ ನೈವೇದ್ಯವಿಲ್ಲ. ನೈವೇದ್ಯವಾಗುವತನಕ ಚರಗವಿಲ್ಲ, ಚರಗವಾಗುವತನಕ ಅಜ್ಜಿಗೆ ಊಟವಿಲ್ಲ. ಹೊತ್ತು ನೆತ್ತಿಗೆ ಬಂದಿತ್ತು, ಅಜ್ಜಿ ಬೇವಿಗೆ ಒರಗಿ ನಿಂತಿದ್ದಳು. ಅವ್ವ ಮೆಲ್ಲಗೆ, "ಅತ್ತಿ, ಬ್ಯಾರೆ ಕಡೆ ಹೋಗೂನೇನ್ರಿ?" ಎಂದಳು. ಬೇರೆ ಕಡೆ ಎಂದರೆ ಮತ್ತೆ ಆ ಮೆಂತ್ಯದ ಮಡಿಯೇ ಎಂಬುದು ಅಜ್ಜಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಗೆಳೆಯನಿಗೆ ಫೋನು ಮಾಡಿ ಇವನ ಕೈಗೇ ಕೊಡುತ್ತೇನೆ ಎಂದು ಅಪ್ಪ ಮೊಬೈಲು ತೆಗೆದ. ಸಿಗ್ನಲ್ ಇಲ್ಲ. ಯಜಮಾನನ ಹೆಂಡತಿ, ಸಿಗ್ನಲ್ ಬುರುಜಿನ ಮೇಲೆ ಮಾತ್ರ ಬರುತ್ತದೆ, ಊರವರೆಲ್ಲ ಅಲ್ಲೇ ಹತ್ತುವುದು ಎಂದಳು. ಜಗಳದ ನಡುವೆಯೂ ಅಷ್ಟು ಉಪಕಾರ ಮಾಡಿದಳು. ಅಪ್ಪ ಬುರುಜು ಹತ್ತಲು ಹೋದ. ಬೆಳಗಿನಿಂದ ಬುರುಜು ಬುರುಜು ಎಂದು ಜಪಿಸುತ್ತಿದ್ದವನಿಗೆ ಕೊನೆಗೂ ಅದರ ದರ್ಶನಕ್ಕೆ ಕಾರಣ ಸಿಕ್ಕಿತು.

ಅವನು ಹೋದ ಮೇಲೆ ಅಜ್ಜಿ ಆ ಹೆಂಗಸಿನ ಮುಂದೆ ಕೂತು ಬುಟ್ಟಿಯ ಅರಿವೆ ಸರಿಸಿದಳು. ಒಂದೊಂದನ್ನೇ ತೆಗೆದು ತೋರಿಸಿದಳು. ಎಳ್ಳಿನ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ. ಪುಂಡಿಪಲ್ಯ ಕಂಡಾಗ ಆ ಹೆಂಗಸು ಬಗ್ಗಿ ಮೂಸಿ, ಗೋಂಗೂರ ಎಂದಳು. ಪ್ಲಾಟು ಮಾಡುವವರು ಗೋಂಗೂರ ಕಟ್ಟಿಕೊಂಡು ಬರುವುದನ್ನು ಅವಳು ನೋಡಿರಲಿಲ್ಲವೆಂದು ಕಾಣುತ್ತದೆ. ಇದೆಲ್ಲ ಯಾರಿಗೆ ಎಂದು ನನ್ನನ್ನು ಕೇಳಿದಳು. ಭೂಮಿಗೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಾನು ಅಜ್ಜಿಯ ಕಡೆ ನೋಡಿದೆ.

ಅಜ್ಜಿ ಜೋಳದ ಕಡೆ ಕೈ ತೋರಿಸಿದಳು.

"ಇಕಿ ಬಸರದಾಳ. ಬಸರಿಗಿ ಉಣ್ಣಾಕ ನೀಡಬೇಕಂತ ಬಂದೀನವ್ವಾ. ಬಸರೀನ ಅಳತಿ ಮಾಡಿ ಮಾರಾಕ ಯಾರರೆ ಬರ್ತಾರೇನು?"

ನಾನು ಅದನ್ನು ತೆಲುಗಿಗೆ ತಿರುಗಿಸಿದೆ. ನನ್ನ ಜೀವನದಲ್ಲಿ ಅಷ್ಟು ಜೋಪಾನವಾಗಿ ನಾನು ಯಾವ ಮಾತನ್ನೂ ತಿರುಗಿಸಿಲ್ಲ. ಆ ಹೆಂಗಸು ಪೈರನ್ನು ನೋಡಿದಳು, ಅಜ್ಜಿಯ ಮುಖವನ್ನು ನೋಡಿದಳು. ಈ ಮುದುಕಿ ಊಟ ಮಾಡಿದ್ದಾಳಾ ಎಂದು ಕೇಳಿದಳು. ಇಲ್ಲ, ಭೂಮಿ ಉಂಡ ಮೇಲೆಯೇ ಎಂದೆ. ಅವಳು ಕುಡುಗೋಲನ್ನು ಕೆಳಗಿಟ್ಟು ಗಂಡನ ಕಡೆ ತಿರುಗಿದಳು.

"ಲೇವಯ್ಯಾ."

ಏಳು ಎಂದು ಹೇಳಿದ ಆ ಒಂದೇ ಮಾತಿಗೆ ಅವನು ಎದ್ದ. ಧೋತರದ ಹಿಂದೆ ಧರ್ಮರಾಯ ದುಂಡಗೆ ಮೂಡಿದ್ದ. ಆದರೆ ಅವನದೂ ಒಂದು ಕರಾರಿತ್ತು. ಬೇರೆಯವರು ತನ್ನ ಹೊಲದ ನಾಲ್ಕು ಮೂಲೆ ತುಳಿಯುವುದಕ್ಕೆ ತಾನು ಒಪ್ಪುವುದಿಲ್ಲ, ಚೆಲ್ಲುವುದಿದ್ದರೆ ತಾನೇ ಚೆಲ್ಲುತ್ತೇನೆ ಎಂದ. ನಾನು ಹೆದರುತ್ತಲೇ ಅಜ್ಜಿಗೆ ಹೇಳಿದೆ. ಅವಳಿಗೆ ಸಿಟ್ಟು ಬರಲಿಲ್ಲ. ಬಿತ್ತಿದವನೇ ಚೆಲ್ಲಬೇಕು, ನಾವು ಇಷ್ಟು ವರ್ಷ ಮಾಡಿದ್ದೇ ತಪ್ಪು ಎಂದಳು. ಪಾಂಡವರಿಗೆ ಪೂಜೆ ಮಾಡಿ, ನೈವೇದ್ಯ ತೋರಿಸಿ, ಕೃಷ್ಣೆಯ ದಂಡೆಯಿಂದ ತಂದ ಆ ಬಿದಿರಿನ ಬುಟ್ಟಿಯನ್ನು ಅವನ ಕೈಗಿಟ್ಟಳು.

ಮೊದಲ ಬದಿಯಲ್ಲಿ ಅವನು ಸಂಕೋಚದಿಂದ ಕೋಳಿಗೆ ಕಾಳು ಹಾಕಿದ ಹಾಗೆ ಚೆಲ್ಲಿದ. ನಾನೂ ಅಜ್ಜಿಯೂ ಹಿಂದೆ ಹುಲ್ಲುಲ್ಲಿಗೋ ಎನ್ನುತ್ತ ನಡೆದೆವು. ಎರಡನೆಯ ಬದಿಯಲ್ಲಿ ಅವನಿಗೂ ಕೂಗು ಬಂತು. ಮೂರನೆಯದು ಬಿಳಿ ಕಲ್ಲುಗಳ ಬಯಲಿಗೆ ತಾಗಿದ ಬದು. ಅಲ್ಲಿ ಅವನು ತೋಳು ಬೀಸಿ ಬೀಸಿ ಎಸೆಯುತ್ತ, ಎದೆ ಬಿರಿಯುವ ಹಾಗೆ ಚಲ್ಲಂಬರಿಗೋ ಎಂದು ಅರಚಿದ. ಒಂದು ಕಡುಬು ಬದು ದಾಟಿ ಆ ಬಯಲಿನಲ್ಲೂ ಬಿತ್ತು. ಅದು ಕೈ ತಪ್ಪಿ ಬಿದ್ದದ್ದಲ್ಲ.

ಬುರುಜಿನ ಮೇಲಿದ್ದ ಅಪ್ಪನಿಗೆ ಕಂಡದ್ದೇ ಬೇರೆ. ಅವನು ಗೆಳೆಯನ ಜೊತೆ ಮಾತಾಡಿದ್ದ. ಹೊಲದಲ್ಲಿ ನೀಲಿ ಬಾಗಿಲಿನ ಮೋಟರ್ ಮನೆ ಇದೆಯಲ್ಲ ಎಂದು ಗೆಳೆಯ ಕೇಳಿದ್ದ. ಇದೆ, ಅದು ಪಕ್ಕದ ಬಯಲಿನಲ್ಲಿದೆ, ಅಲ್ಲಿ ಬಿಳಿ ಕಲ್ಲು ನೆಟ್ಟಿದ್ದಾರೆ ಎಂದು ಅಪ್ಪ ಹೇಳಿದ್ದ. ಅದೇ ನನ್ನ ಹೊಲ ಎಂದನಂತೆ ಗೆಳೆಯ. ಹೊಲ ನೋಡಿಕೊಳ್ಳುತ್ತಿದ್ದ ಅಣ್ಣ ಅದನ್ನು ಮಾರಿದ್ದು ತಮ್ಮನಿಗೆ ಗೊತ್ತೇ ಇರಲಿಲ್ಲ. ಇಂಥ ಸುದ್ದಿಯನ್ನು ತಾನೇ ಹೇಳಬೇಕಾಯಿತಲ್ಲ ಎಂದು ಅಪ್ಪ ಸಂಕಟಪಡುತ್ತ ಕೆಳಗೆ ನೋಡಿದರೆ, ಯಜಮಾನ ಅರಚುತ್ತ ಏನನ್ನೋ ಬೀಸಿ ಎಸೆಯುತ್ತಿದ್ದಾನೆ, ಅಜ್ಜಿಯೂ ನಾನೂ ಹೊಲದ ತುಂಬ ಓಡಾಡುತ್ತಿದ್ದೇವೆ. ನಮ್ಮನ್ನು ಹೊಡೆದು ಓಡಿಸುತ್ತಿದ್ದಾನೆಂದು ತಿಳಿದು ಅಪ್ಪ ಬುರುಜಿನಿಂದ ಜಾರುತ್ತ, ಒಂದು ಚಪ್ಪಲಿಯನ್ನು ಇತಿಹಾಸಕ್ಕೆ ಒಪ್ಪಿಸಿ, ಕಲ್ಲು ಮುಳ್ಳು ನೋಡದೆ ಓಡಿಬಂದ. ಬಂದು ನೋಡಿದರೆ ಎಲ್ಲರೂ ಬೇವಿನ ಕೆಳಗೆ ಊಟಕ್ಕೆ ಕೂತಿದ್ದೆವು. ಅಜ್ಜಿ ಮೊದಲ ತುತ್ತನ್ನು ಬಾಯಿಗಿಡುತ್ತಿದ್ದಳು. ಅಪ್ಪನ ಬಿಳಿ ಪ್ಯಾಂಟು ಮೊಣಕಾಲಿನತನಕ ಸೆಗಣಿಯಾಗಿತ್ತು. ಯಜಮಾನ ಅವನನ್ನು ಮೇಲಿಂದ ಕೆಳಗೆ ನೋಡಿ, ಈಗ ಮನುಷ್ಯರ ಹಾಗೆ ಕಾಣುತ್ತಿದ್ದೀರಿ, ಕೂತುಕೊಳ್ಳಿ ಎಂದ.

ಹೊರಡುವಾಗ ಆ ಹೆಂಗಸು ಅಜ್ಜಿಯ ಸೆರಗಿಗೆ ಹಸಿ ಅವರೆಕಾಯಿ ಸುರಿದಳು. ಅಜ್ಜಿ ಬುಟ್ಟಿಯನ್ನು ಅಲ್ಲೇ ಬಿಟ್ಟಳು. ಮರೆತಿದ್ದೀ ಎಂದು ನಾನು ತರಹೋದರೆ, ಇರಲಿ ಬಿಡು ಎಂದಳು. ಕಾರಿನಲ್ಲಿ ಅವಳು ಅಪ್ಪನ ಜೊತೆ ಮಾತಾಡಿದಳು. ಸಂಕ್ರಾಂತಿಗೆ ಮೊದಲೇ.

ಆ ವರ್ಷವಿಡೀ ನಾನು ಆ ಹೊಲವನ್ನು ನೆನೆದು ಹೆದರುತ್ತಿದ್ದೆ. ಆಫೀಸಿನಲ್ಲಿ ಪಕ್ಕದ ಸೀಟಿನವರು ಕೂಡ ಆ ಕಡೆ ಪ್ಲಾಟು ತೆಗೆದುಕೊಳ್ಳುವ ಮಾತಾಡುತ್ತಿದ್ದರು. ಅಜ್ಜಿಗೆ ಹೇಳಲಿಲ್ಲ. ಅವಳು ಆ ಸಲ ಎಲ್ಲಿ ಹೋಗುವುದೆಂದು ಒಮ್ಮೆಯೂ ಕೇಳಲಿಲ್ಲ, ತನಗೊಂದು ಹೊಲವಿದೆ ಎಂಬಂತೆ ಎಳ್ಳು ಹುರಿದಳು.

ಮರುವರ್ಷದ ಅಮಾವಾಸ್ಯೆಯ ದಿನ ಅದೇ ದಾರಿಯಲ್ಲಿ ಹೋದೆವು. ಹಳ್ಳಿ ಇನ್ನೂ ಒಂದು ಮೈಲಿ ಇರುವಾಗಲೇ ಎರಡೂ ಕಡೆ ಬಿಳಿ ಕಲ್ಲು ಶುರುವಾದವು. ಹೊಲದ ಹಿಂದೆ ಹೊಲ, ಪೈರಿಲ್ಲ, ಬರೀ ಕಲ್ಲಿನ ಸಾಲು. ಅಪ್ಪ ವಿವರಣೆ ನಿಲ್ಲಿಸಿದ. ಅವ್ವ ಬುತ್ತಿಯ ಗಂಟನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡಳು. ಬುರುಜು ದಾಟಿ ಬಾವಿಯ ಹತ್ತಿರ ಕಾರು ತಿರುಗಿದಾಗ ಬೇವಿನ ಗಿಡ ಕಂಡಿತು, ಅದರ ಕೆಳಗೆ ಬೆಳ್ಳಗೆ ಕಲ್ಲುಗಳೂ ಕಂಡವು. ಅಪ್ಪ ಕಾರು ನಿಲ್ಲಿಸಿಬಿಟ್ಟ. ಅಜ್ಜಿಗೆ ಅಷ್ಟು ದೂರಕ್ಕೆ ಬಿಳಿ ಬಿಳಿಯಾಗಿ ಕಂಡಿತೇ ಹೊರತು ಎಷ್ಟು ಕಲ್ಲೆಂದು ಕಾಣುತ್ತಿರಲಿಲ್ಲ.

"ಎಣಸು," ಎಂದಳು.

ನಾನು ಎಣಿಸಿದೆ. ಸಾಲದೆಂದು ಇನ್ನೊಮ್ಮೆ ಎಣಿಸಿದೆ. ಐದೇ ಇದ್ದವು. ಕಲ್ಲಿನ ಮೇಲೆ ಅರಿಶಿನ ಇತ್ತು, ಹಿಂದೆ ಎದೆಮಟ್ಟ ಜೋಳ ಇತ್ತು. ಪಕ್ಕದಲ್ಲಿ ನಮ್ಮ ಬಿದಿರಿನ ಬುಟ್ಟಿ ಹಿಡಿದು ಯಜಮಾನನೂ ಅವನ ಹೆಂಡತಿಯೂ ನಿಂತಿದ್ದರು. ನಾವು ಇಳಿದು ಹತ್ತಿರ ಹೋದಾಗ ಅವನು ನಮಸ್ಕಾರ ಕೂಡ ಹೇಳಲಿಲ್ಲ. ಇಷ್ಟು ಹೊತ್ತು ಮಾಡಿದರೆ ಹೇಗೆ, ನಾವಿಬ್ಬರೂ ಬೆಳಗಿನಿಂದ ಚಹಾ ಕೂಡ ಕುಡಿದಿಲ್ಲ ಎಂದು ಗೊಣಗಿದ.